ಅಕ್ಕನ ಸೊಂಟದ ಬೋರ್ಡು

ನೀರು ತಾಗಿದರೂ ಏನೂ ಆಗುವುದಿಲ್ಲ ಎಂದು ಯಾರಾದರೂ ಹೇಳಿ ಒಂದು ವಸ್ತುವನ್ನು ಕೊಟ್ಟರೆ, ಯಾವ ನೀರು ಎಂದು ಮೊದಲು ಕೇಳಿ. ಕೊಳಾಯಿ ನೀರೋ, ಬೆವರೋ, ಮುಂಜಾನೆಯ ಇಬ್ಬನಿಯೋ, ಬಟ್ಟೆ ಒಗೆದ ಸೋಪಿನ ನೀರೋ? ಬಗ್ಗಿಸಿದರೂ ಮುರಿಯುವುದಿಲ್ಲ ಎಂದರೆ, ಹೇಗೆ ಬಗ್ಗಿಸಿದರೆ ಎಂದು ಕೇಳಿ. ನಾನು ಬಟ್ಟೆ ವ್ಯಾಪಾರದವಳು. ಒಂದು ಸೀರೆ ಕೊಳ್ಳುವುದಕ್ಕೆ ಹತ್ತು ಪ್ರಶ್ನೆ ಕೇಳುತ್ತೇನೆ. ಅಕ್ಕನ ಪ್ರಾಣಕ್ಕೆ ಕಾವಲಿಡುವ ವಸ್ತುವನ್ನು ತರುವಾಗ ಮಾತ್ರ ಈ ಎರಡು ಪ್ರಶ್ನೆಗಳನ್ನು ಕೇಳಲಿಲ್ಲ. ಈಗ ಅದನ್ನು ನೆನೆದರೆ ಮೈ ಉರಿಯುತ್ತದೆ.

ನಮ್ಮದು ಸೇಲಂ ಊರಿನ, ಕನ್ನಡ ಮಾತಾಡುವ ಮಗ್ಗದ ಮನೆ. ಅಪ್ಪನ ಕುಣಿಮಗ್ಗದ ಸದ್ದಿಗೆ ಎದ್ದು ಅದೇ ಸದ್ದಿಗೆ ಮಲಗಿದವರು ನಾವಿಬ್ಬರು, ಅಕ್ಕ ಮತ್ತು ನಾನು. ಮದುವೆಯಾದ ಮೇಲೆ ನಾನು ಟವೆಲ್ಲಿನ ಗಂಟು ಹೊತ್ತು ರೈಲಿನಲ್ಲಿ ಮೊರಪ್ಪೂರಿಗೆ ಹೋಗಿ ಬಂದು ವ್ಯಾಪಾರ ಕಲಿತೆ. ರೇಟು ಹೇಳುವವನ ಮುಖ ನೋಡಬಾರದು, ಬಟ್ಟೆಯ ಅಂಚನ್ನು ಉಗುರಿನಲ್ಲಿ ಕೆರೆಯುತ್ತಾ ಮಾತಾಡಬೇಕು, ಅವನೇ ಇಳಿಯುತ್ತಾನೆ. ಹೀಗೆ ಕೆರೆದು ಕೆರೆದು ಇವತ್ತು ಸ್ವಂತ ಹೊಲಿಗೆ ಶೆಡ್ಡು ಇಟ್ಟುಕೊಂಡಿದ್ದೇನೆ. ಅಕ್ಕನನ್ನು ಮೊರಪ್ಪೂರಿನಿಂದ ಬಸ್ಸು ಹಿಡಿದು ಹೋಗುವ ಪಾಪಿರೆಡ್ಡಿಪಟ್ಟಿ ಕಡೆಗೆ ಕೊಟ್ಟರು. ಮಗ್ಗದ ಮನೆಯಿಂದ ಹೊಲದ ಮನೆಗೆ ಹೋದವಳು. ಬಾವ ಒಳ್ಳೆಯ ಮನುಷ್ಯ. ಬಾವಿಯ ಪಕ್ಕದ ಒಂದು ತುಂಡು ನೆಲವನ್ನು ಅಕ್ಕನಿಗೆಂದೇ ಬಿಟ್ಟುಕೊಟ್ಟಿದ್ದ. ಅವಳು ಅದರಲ್ಲಿ ಕನಕಾಂಬರ ಹಾಕಿದಳು. ಬೆಳಕು ಹರಿಯುವ ಮೊದಲೇ ಬುಟ್ಟಿ ಹಿಡಿದು ಒಬ್ಬಳೇ ಹೋಗಿ ಹೂ ಬಿಡಿಸಿಕೊಂಡು ಬರುವುದು ಅವಳ ಪದ್ಧತಿ.

ಆ ಹೂವಿನ ಸಾಲುಗಳ ನಡುವೆಯೇ ಅವಳು ಒಂದು ದಿನ ತಲೆ ಸುತ್ತಿ ಬಿದ್ದಳು. ಎದ್ದು ಬಂದು ಯಾರಿಗೂ ಹೇಳಲಿಲ್ಲ. ಎರಡನೆಯ ಸಲ ಬಿದ್ದಾಗ ಏಳಲಾಗಲಿಲ್ಲ. ಬಿಸಿಲು ಏರಿದ ಮೇಲೆ ಮೇಕೆ ಮೇಯಿಸುವವಳೊಬ್ಬಳು ನೋಡಿ ಕೂಗಿಕೊಂಡಳು. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ ಮಾತ್ರೆ ಬರೆದರು. ಮತ್ತೆ ಬಂದರೂ ಬರಬಹುದು, ಒಬ್ಬರನ್ನೇ ಬಿಡಬೇಡಿ ಎಂದರು. ಬಾವ ಆ ಕೊನೆಯ ಮಾತೊಂದನ್ನು ಹಿಡಿದುಕೊಂಡ.

"ಇನ್ಮೇಕೆ ಒಲಕ್ಕೆ ಒಬ್ಳೇ ಓಗಂಗಿಲ್ಲ. ಓದ್ರೆ ಗಿಡನೆಲ್ಲ ಕಿತ್ತಾಕಿ ಮರಗೆಣಸು ನಡ್ತೀನಿ" ಎಂದುಬಿಟ್ಟ.

ಅಕ್ಕ ಅವನ ಜೊತೆ ಮಾತು ಬಿಟ್ಟಳು. ನಾನು ಹೋಗಿ ಕೂತು, ಕೂಲಿಗೆ ಒಬ್ಬಳನ್ನು ಇಟ್ಟುಕೋ, ಅವಳ ಜೊತೆ ಹೋಗು ಎಂದು ಹೇಳಿ ನೋಡಿದೆ.

"ನಿಂಗೆ ಗೊತ್ತಾಗಲ್ಲ ಬಿಡೆ" ಎಂದಳು. "ಬೆಳಗಿನ ಆ ಒಂದು ಒತ್ತು ನಂದು. ಯಾರೂ ಕಾಪಿ ಕೇಳಲ್ಲ, ಯಾರೂ ಕರಿಯಲ್ಲ. ಅದ್ರಲ್ಲೂ ಒಬ್ಳನ್ನ ಪಕ್ಕದಲ್ಲಿ ನಿಲ್ಸ್ಕೊಂಡು ಅವ್ಳ ಸೊಸೆ ಕತೆ ಕೇಳ್ಲಾ?"

ಆಗ ನನಗೆ ಬೆಲ್ಟಿನ ನೆನಪಾಯಿತು. ಸೇಲಂ ಜಂಕ್ಷನ್ನಿನ ಹತ್ತಿರ ಒಂದು ಸಣ್ಣ ವರ್ಕ್‌ಶಾಪು. ಕಾರ್ಖಾನೆಯಲ್ಲಿ ಎತ್ತರದ ಮೇಲೆ ಕೆಲಸ ಮಾಡುವವರಿಗೆ ಸೊಂಟದ ಬೆಲ್ಟು ಮಾಡುತ್ತಾರೆ. ಬಟ್ಟೆಯ ಒಳಗೆ ತೆಳ್ಳಗೆ, ಜೇನುಬಣ್ಣದ ಹಾಳೆಯಂಥ ಒಂದು ಸರ್ಕ್ಯೂಟ್ ಬೋರ್ಡು. ಅದರ ಮೈಮೇಲೆ ಕೂದಲಿನಷ್ಟು ಸಣ್ಣ ತಾಮ್ರದ ಗೆರೆಗಳು, ಅದರ ಮೇಲೆ ರಬ್ಬರಿನಂಥ ಒಂದು ಲೇಪ. ಹಾಕಿಕೊಂಡವರು ದೊಪ್ಪನೆ ಬಿದ್ದು, ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದರೆ, ಅವರ ಫೋನಿನ ಮೂಲಕ ಮನೆಯವರ ಫೋನು ಕೂಗಿಕೊಳ್ಳುತ್ತದೆ. ಬೆಲ್ಟಿನ ಬಟ್ಟೆ ಹೊಲಿದುಕೊಡುವುದು ನನ್ನ ಶೆಡ್ಡಿನ ಕೆಲಸ. ಅಲ್ಲಿನ ಎಂಜಿನಿಯರ್ ಒಬ್ಬಳು ಹುಡುಗಿ, ನಮ್ಮ ಜನದವಳೇ. ಕನ್ನಡ ಮಾತಾಡುತ್ತಾಳೆ, ನಡುನಡುವೆ ಬಾಯಿಗೆ ತಮಿಳು ಬರುತ್ತದೆ.

ಈ ಸಲದ ಹೊಲಿಗೆ ಕೂಲಿಯಲ್ಲಿ ಹಿಡಿದುಕೊಂಡು ಒಂದು ಬೆಲ್ಟು ಕೊಡು ಎಂದು ಕೇಳಿದೆ. ಕೆಟ್ಟರೆ ಬದಲು ಕೊಡಬೇಕು, ಕಾರಣ ಕೇಳಬಾರದು ಎಂದೂ ಸೇರಿಸಿದೆ.

"ಕಾರಣ ಕೇಕ್ಕಾಮ ಎಪ್ಪಡಿ ಆಂಟಿ?" ಎಂದು ನಕ್ಕಳು. ಕೇಳದೆ ಹೇಗೆ ಎಂದು ಅವಳ ಮಾತು.

"ನಾನು ನಿಂಗೆ ಬಟ್ಟೆ ಕೊಡೋವಾಗ ನೀನು ಕಾರಣ ಏಳಿ ವಾಪಸ್ ಮಾಡ್ತೀಯಾ?"

ಒಪ್ಪಿಕೊಂಡಳು. ಚೌಕಾಸಿಯಲ್ಲಿ ಗೆದ್ದೆ ಎಂದು ಅವತ್ತು ಬೀಗಿದ್ದೇ ಬೀಗಿದ್ದು. ನೀರು ತಾಗಿದರೂ ಕೆಡುವುದಿಲ್ಲ, ಬಗ್ಗಿದರೂ ಮುರಿಯುವುದಿಲ್ಲ, ಬ್ಯಾಟರಿ ಡಬ್ಬಿ ಕಳಚಿಟ್ಟು ಬರಿಯ ನೀರಿನಲ್ಲಿ ಕೈಯಿಂದ ಒಗೆಯಬಹುದು ಎಂದು ಅವಳು ಹೇಳಿದ್ದನ್ನು ಅಕ್ಕನಿಗೆ ಹಾಗೇ ಮುಟ್ಟಿಸಿದೆ.

ಬಾವ ಸುಲಭಕ್ಕೆ ನಂಬುವವನಲ್ಲ. ಹುಲ್ಲಿನ ಮೆದೆಯ ಪಕ್ಕ ಗೋಣಿಚೀಲ ಹಾಸಿ, ಅಕ್ಕನನ್ನು ದಿನಾ ಅದರ ಮೇಲೆ ಬೀಳಿಸಿ ನೋಡುತ್ತಿದ್ದ. "ಇನ್ನೂ ಜೋರಾಗಿ ಬೀಳು" ಎಂದು ನಿಂತುಕೊಳ್ಳುತ್ತಿದ್ದ. ಅವನ ಜೇಬಿನ ಫೋನು ಕೂಗಿದ ಮೇಲೆಯೇ ಅವಳಿಗೆ ಹೊಲಕ್ಕೆ ಅಪ್ಪಣೆ. ಅಕ್ಕ ಬೈಯುತ್ತಾ ಬೀಳುತ್ತಿದ್ದಳು, ಎದ್ದು ಬುಟ್ಟಿ ಹಿಡಿದು ಹೋಗುತ್ತಿದ್ದಳು. ಅಂತೂ ಹೋಗುತ್ತಿದ್ದಳು, ನನಗೆ ಅಷ್ಟು ಸಾಕಾಗಿತ್ತು.

ಆ ನೆಮ್ಮದಿ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಎಷ್ಟು ಸಲ ಬಿದ್ದರೂ ಫೋನು ಕೂಗಲಿಲ್ಲ. ಬಾವ ಬುಟ್ಟಿಯನ್ನು ಅಟ್ಟಕ್ಕೆ ಏರಿಸಿದ. ನಾನು ಬೆಲ್ಟು ಹಿಡಿದು ವರ್ಕ್‌ಶಾಪಿಗೆ ಓಡಿದೆ.

ಹುಡುಗಿ ಬಟ್ಟೆಯನ್ನು ಬಿಚ್ಚಿ ಬೋರ್ಡನ್ನು ಬೆಳಕಿಗೆ ಹಿಡಿದಳು. ಅಂಚಿನಲ್ಲಿ ತಾಮ್ರ ಹಸಿರಾಗಿತ್ತು.

"ಆಂಟಿ, ನೀರು ಮೇಲಿಂದ ಬಂದಿಲ್ಲ. ಸೈಡಿಂದ ಬಂದೈತೆ. ಇದೋ ಪಾರುಂಗ, ನೋಡಿ, ನಿಮ್ಮ ಸೂಜಿ ತೂತು. ಬೋರ್ಡ್ ಅಂಚಿಗೆ ಅಂಟ್ಕೊಂಡೇ ಒಲ್ದಿದೀರ. ಬೆವರು ನೂಲನ್ನ ಇಡ್ಕೊಂಡು ಒಳಕ್ಕೆ ಓಗೈತೆ."

"ನಿಂದು ನೀರಿಗೇ ಎದರದ ಬೋರ್ಡು, ನಂದು ಬರೀ ಸೂಜಿ. ಯಾರು ಯಾರಿಗೆ ಎದರ್ಬೇಕು?"

"ಲೇಪಕ್ಕೆ ನೀವು ತೂತು ಒಡೆದ್ರೆ ಲೇಪ ಏನ್ ಮಾಡ್ತೈತೆ ಆಂಟಿ?"

ವಾದಿಸಿದೆ, ಆದರೆ ಅವಳು ಹೇಳಿದ್ದು ನಿಜವೆಂದು ಒಳಗೆ ಗೊತ್ತಾಗಿತ್ತು. ಹತ್ತಿಯ ನೂಲು ದೀಪದ ಬತ್ತಿಯ ಹಾಗೆ. ಒಂದು ತುದಿ ಒದ್ದೆಯಾದರೆ ಇನ್ನೊಂದು ತುದಿಗೆ ತಾನಾಗಿ ಎಳೆದುಕೊಂಡು ಹೋಗುತ್ತದೆ. ಇಬ್ಬನಿಯಲ್ಲಿ ಸೊಂಟದವರೆಗೆ ನೆನೆಯುವ ಕೆಲಸ ಅಕ್ಕನದು. ಹೊಲಿಗೆಯನ್ನು ಬೋರ್ಡಿನ ಅಂಚಿನಿಂದ ಬೆರಳಗಲ ಆಚೆಗೆ ಸರಿಸಿ, ಪಾಲಿಯೆಸ್ಟರ್ ದಾರ ಹಾಕಿ ಎರಡನೆಯ ಬೆಲ್ಟನ್ನು ನಾನೇ ಕೂತು ಹೊಲಿದೆ. ಇಂಥದ್ದು ಹೊಲಿಸುವವರಿಗೆ ಈಗಲೂ ಅದನ್ನೇ ಹೇಳುತ್ತೇನೆ: ಒಳಗೆ ವೈರಿರುವ ಬಟ್ಟೆಗೆ ಹತ್ತಿ ದಾರ ಬೇಡ.

ಎರಡನೆಯ ಬೆಲ್ಟು ನೀರಿಗೆ ಕೆಡಲಿಲ್ಲ. ಆದರೂ ಸತ್ತಿತು. ಬಾವ ಮತ್ತೆ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದ. ಹೂವೆಲ್ಲ ಗಿಡದಲ್ಲೇ ಒಣಗುತ್ತಿದೆ ಎಂದು ಅಕ್ಕ ಫೋನಿನಲ್ಲಿ ನನ್ನ ಮೇಲೆಯೇ ಹಾರಾಡಿದಳು. ನಾನು ಕೆಲಸ ಬಿಟ್ಟು ಮೊರಪ್ಪೂರಿಗೆ ಹೋಗಿ, ಅಲ್ಲಿಗೆ ಬಂದಿದ್ದ ಬಾವನ ಕೈಯಿಂದ ಕವರಿನಲ್ಲಿ ಸುತ್ತಿದ ಬೆಲ್ಟನ್ನು ಇಸಿದುಕೊಂಡು, ಬಿಚ್ಚಿಯೂ ನೋಡದೆ ವರ್ಕ್‌ಶಾಪಿನಲ್ಲಿ ಕೊಟ್ಟುಬಂದೆ. ಮಾರನೆಯ ದಿನ ಹೋದಾಗ ಹುಡುಗಿ ಬಟ್ಟೆಯನ್ನು ಕತ್ತರಿಸಿ ಎಸೆದು, ಬರಿಯ ಬೋರ್ಡನ್ನು ಮೇಜಿನ ಮೇಲೆ ಇಟ್ಟಿದ್ದಳು. ನಡುವೆ ಅಡ್ಡಕ್ಕೆ ಒಂದು ಬಿಳಿ ಗೆರೆ. ತಾಮ್ರ ಅಲ್ಲಿ ಕತ್ತರಿಸಿದಂತೆ ಬಿರಿದಿತ್ತು.

"ಇದನ್ನ ಯಾರೋ ಮಡಿಸವ್ರೆ."

"ನಮ್ಮಕ್ಕ ಇದನ್ನ ದೇವ್ರ ದಾರದ ಅಂಗೆ ನೋಡ್ಕೋತಾಳೆ. ಬಗ್ಗಿದ್ರೂ ಮುರಿಯಲ್ಲ ಅಂತ ಏಳ್ದೋಳು ನೀನು."

"ಬಗ್ಗೋದು ಬೇರೆ, ಮಡಿಸೋದು ಬೇರೆ ಆಂಟಿ. ಸೊಂಟದ ಸುತ್ತ ದುಂಡಗೆ ಬಗ್ಗಲಿ, ವರ್ಷಾನುಗಟ್ಲೆ ಬಗ್ಗಲಿ. ಪೇಪರ್ ಅಂಗೆ ಮಡಿಸಿ ಒತ್ತಿದ್ರೆ ತಾಮ್ರ ತಾಳಲ್ಲ."

"ನಿನ್ ಮಾಲು ಸರಿ ಇಲ್ಲ ಅಂತ ಒಪ್ಕೋ, ಸಾಕು."

ಗಲಾಟೆ ಜೋರಾಯಿತು. ಕಾರಣ ಕೇಳಬಾರದು ಎಂಬ ನಮ್ಮ ಒಪ್ಪಂದವನ್ನು ನಾನು ಎತ್ತಿ ಹೇಳಿದೆ. ಅವಳ ಮುಖ ಕೆಂಪಾಯಿತು. ಮೂರನೆಯದನ್ನು ಕೈಗೆ ಕೊಡುತ್ತಾ, "ಇದು ಕಡೇದು. ಬೋರ್ಡು ಹೊರಗಿಂದ ಬರ್ಬೇಕು, ಅಡುತ್ತ ಲಾಟ್, ಮುಂದಿನ್ದು, ಬರೋವರ್ಗೂ ನನ್ನತ್ರ ಒಂದೂ ಇಲ್ಲ" ಎಂದಳು. ನಾನು ಥ್ಯಾಂಕ್ಸ್ ಕೂಡ ಹೇಳದೆ ಬಂದೆ.

ಮೂರನೆಯ ಬೆಲ್ಟು ಅಕ್ಕನ ಕೈ ಸೇರಿದ ಮೇಲೆ ಅಲ್ಲಿಂದ ಯಾವ ದೂರೂ ಬರಲಿಲ್ಲ. ಅಕ್ಕನ ಫೋನು ಬಂದರೆ ಹೂವಿನ ಸುದ್ದಿ, ಬಾವನ ಕೆಮ್ಮಿನ ಸುದ್ದಿ. ಬೆಲ್ಟು ಹೇಗಿದೆ ಎಂದರೆ, "ಸೊಂಟದಲ್ಲೇ ಐತೆ" ಎನ್ನುತ್ತಿದ್ದಳು. ನಾನು ಗೆದ್ದೆ ಎಂದುಕೊಂಡೆ. ಗಟ್ಟಿಯಾಗಿ ಜಗಳವಾಡಿದ ಮೇಲೆಯೇ ಒಳ್ಳೆಯ ಮಾಲು ಬರುವುದು ಎಂದು ಶೆಡ್ಡಿನ ಹೆಂಗಸರಿಗೆಲ್ಲ ಪಾಠ ಹೇಳಿದೆ.

ಮೊರಪ್ಪೂರಿನ ಒಂದು ಅಂಗಡಿಗೆ ನೈಟಿ ಗಂಟು ಇಳಿಸಬೇಕಿತ್ತು. ಇಳಿಸಿದ ಮೇಲೆ ಬಸ್ಸು ಸಿಕ್ಕಿತೆಂದು ಹೇಳದೆ ಕೇಳದೆ ಅಕ್ಕನ ಮನೆಗೆ ಹೋದೆ. ಮಧ್ಯಾಹ್ನ. ಬಾವ ಹೊರಗೆ ಹೋಗಿದ್ದ. ಅಕ್ಕ ಜಗುಲಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದಳು. ಅವಳ ತಲೆಯ ಮೇಲಿನ ಹಗ್ಗದಲ್ಲಿ ಬೆಲ್ಟು ಒಣಗುತ್ತಿತ್ತು. ನೇತಾಡುತ್ತಿರಲಿಲ್ಲ. ಗಾಳಿ ಬೀಸಿದರೆ ಪಕ್ಕದ ಲಂಗ ಹಾರುತ್ತಿತ್ತು, ಬೆಲ್ಟು ಹಪ್ಪಳದ ಹಾಗೆ ಸೆಟೆದು ಹಗ್ಗದ ಮೇಲೆ ಕೂತಿತ್ತು. ಇಳಿಸಿ ಉಗುರಿನಲ್ಲಿ ಕೆರೆದೆ. ಉಗುರಿಗೆ ಬಿಳಿ ಹುಡಿ ಬಂತು. ಮೂಸಿ ನೋಡುವುದೇ ಬೇಕಾಗಿರಲಿಲ್ಲ. ಅಪ್ಪನ ಮನೆಯ ವಾಸನೆ.

"ಅಕ್ಕಾ, ಗಂಜಿ ಆಕಿದೀಯಾ?"

"ಒಗದೆ, ಆಕ್ದೆ. ಒಗೀಬೌದು ಅಂತ ನೀನೇ ತಾನೆ ಏಳಿದ್ದು?"

"ಒಗೀಬೌದು ಅಂದೆ ಕಣೆ! ಗಂಜಿ ಯಾಕೆ?"

ಅವಳು ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದಳು. "ಒಗದ ಬಟ್ಟೆಗೆ ಗಂಜಿ ಆಕ್ದೆ ಇನ್ನೇನ್ ಮಾಡ್ತಾರೆ? ಅಂಗೇ ಕಟ್ಕೊಂಡ್ರೆ ಸುರುಟ್ಕೊಂಡು ಅಗ್ಗದಂಗೆ ಆಯ್ತದೆ. ಒದ್ದೆ ಚಿಂದಿ ಸುತ್ಕೊಂಡಂಗೆ. ಮಗ್ಗದ ಮನೇಲಿ ಉಟ್ಟಿದೋಳು ನೀನು ಕೇಳ್ತೀಯಲ್ಲ!"

ಅವಳನ್ನು ಏನೆಂದು ಬೈಯುವುದು? ನಸುಕಿನಲ್ಲಿ ಬೀದಿಯ ಉದ್ದಕ್ಕೂ ಹಾಸಿನ ನೂಲು ಕಟ್ಟಿ, ಅಕ್ಕಿಯ ಗಂಜಿಯನ್ನು ಕುಂಚದಿಂದ ಎಳೆ ಎಳೆಗೂ ಹಚ್ಚುವಾಗ ಅಪ್ಪ ಕರೆಯುತ್ತಿದ್ದುದು ಅಕ್ಕನನ್ನೇ. ಅವಳ ಕೈ ಅಷ್ಟು ಸಮ. ನೂಲಿಗೆ ಬಲ ಬರುವುದೇ ಗಂಜಿಯಿಂದ ಎಂಬುದು ಮೈಗೆ ಹತ್ತಿದ ಜನ ನಾವು. ಗಂಜಿ ಇಲ್ಲದ ಸೀರೆಯನ್ನು ನಮ್ಮಮ್ಮ ಬಾಗಿಲಾಚೆಗೆ ಉಟ್ಟವಳಲ್ಲ. ಅಕ್ಕ ಬೆಲ್ಟನ್ನು ಹಾಳು ಮಾಡಲಿಲ್ಲ, ಅವಳಿಗೆ ತಿಳಿದ ಮಟ್ಟಿಗೆ ಅದನ್ನು ಗಟ್ಟಿ ಮಾಡಿದ್ದಳು.

"ಆಮೇಲೆ ಎಲ್ಲಿಡ್ತೀಯ?" ಎಂದು ಕೇಳಿದೆ, ಉತ್ತರ ಗೊತ್ತಿದ್ದೇ.

"ಸೀರೆ ಇಡೋ ಅಂಗೆ. ನಾಲ್ಕ್ ಮಡಿಕೆ ಮಾಡಿ ಟ್ರಂಕ್ ಕೆಳಗೆ. ಇಸ್ತ್ರಿ ಬಿದ್ದಂಗೆ ನಿಲ್ತೈತೆ."

ಬೋರ್ಡಿಗೆ ಮಾಡಬಾರದ್ದು ಎರಡನ್ನೂ ಅವಳು ಅಚ್ಚುಕಟ್ಟಾಗಿ ಮಾಡಿದ್ದಳು. ಗಂಜಿ ಕುಡಿದ ಬಟ್ಟೆ ಸೊಂಟದ ಸುತ್ತ ದುಂಡಗೆ ಬಾಗುವುದಿಲ್ಲ, ಮಡಿಕೆ ಬಿದ್ದ ಕಡೆಯೇ ಮತ್ತೆ ಮತ್ತೆ ಮುರಿದುಕೊಳ್ಳುತ್ತದೆ. ತಾಮ್ರದ ಗೆರೆಯೂ ಅಲ್ಲೇ ಬಿರಿಯುತ್ತದೆ. ಅದೂ ಸಾಲದೆಂದು ಇಬ್ಬನಿ ಬಿದ್ದರೆ ಗಂಜಿ ಹೀರಿಕೊಂಡು ಅಂಟಾಗಿ ದಿನವಿಡೀ ಒದ್ದೆಯಾಗಿಯೇ ಇರುತ್ತದೆ. ಇದಕ್ಕಾಗಿ ನಾನು ಆ ಹುಡುಗಿಯ ಮಾಲು ಸರಿ ಇಲ್ಲವೆಂದು ಊರಿಗೆಲ್ಲ ಕೇಳುವ ಹಾಗೆ ಕೂಗಾಡಿ ಬಂದಿದ್ದೆ.

ಬ್ಯಾಟರಿ ಡಬ್ಬಿಯನ್ನು ತಂದು ಸಿಕ್ಕಿಸಿದೆ. ಕೆಲಸ ಮಾಡುವ ಬೆಲ್ಟಿನಲ್ಲಿ ಒಂದು ಸಣ್ಣ ಹಸಿರು ದೀಪ ಮಿನುಗಬೇಕು. ಮಿನುಗಲಿಲ್ಲ.

"ದೀಪ ಬರ್ತಾ ಇಲ್ಲ ಅಕ್ಕಾ. ಇದು ಸತ್ತೋಗೈತೆ."

"ಊಂ" ಎಂದಳು. ಹೂವಿನ ದಾರದ ಮೇಲಿಂದ ಕಣ್ಣು ಎತ್ತಲಿಲ್ಲ.

"ಗೊತ್ತಾ ನಿಂಗೆ?"

"ಓದ ಸಲ ಗಂಜಿ ಆಕ್ದಾಗ್ಲೇ ಓಯ್ತು. ಗೊತ್ತಿಲ್ದೆ ಏನು."

"ಮತ್ತೆ ಬಾವ ದಿನಾ ಬೀಳ್ಸಿ ನೋಡ್ತಾನಲ್ಲ?"

"ನಿಲ್ಸ್ಬಿಟ್ಟ. ಸುಮ್ಸುಮ್ನೆ ಬಿದ್ರೆ ಬೋರ್ಡು ಸವೀತೈತೆ ಅಂತ ನೀನು ಏಳ್ದೆ ಅಂತ ನಾನೇ ಅಂದೆ. ನಾದಿನಿ ಮಾತು ಅಂದ್ರೆ ಅವ್ನಿಗೆ ವೇದ."

ಇವಳು ಸತ್ತ ಬೆಲ್ಟನ್ನು ಇಸ್ತ್ರಿ ಬಿದ್ದ ಹಾಗೆ ಸೊಂಟಕ್ಕೆ ಬಿಗಿದುಕೊಂಡು ಗಂಡನಿಗೆ ತೋರಿಸಿ, ಕತ್ತಲಿನಲ್ಲಿ ಒಬ್ಬಳೇ ಹೊಲಕ್ಕೆ ಹೋಗುತ್ತಿದ್ದಳು. ಬಿದ್ದರೆ ಯಾವ ಫೋನೂ ಕೂಗುತ್ತಿರಲಿಲ್ಲ. ಬಾವ ಮಾತ್ರ ಬೆಲ್ಟು ನೋಡಿಕೊಳ್ಳುತ್ತದೆ ಎಂದು ಮಲಗಿರುತ್ತಿದ್ದ. ಬೆಲ್ಟೇ ಇಲ್ಲದಿದ್ದರೆ ಅವನಾದರೂ ಎದ್ದು ನೋಡಿಕೊಂಡಿರುತ್ತಿದ್ದ.

"ನಾನು ಬಾವನಿಗೆ ಏಳ್ತೀನಿ."

"ಏಳು. ಈಗ್ಲೇ ಏಳು. ನಾಳೆ ಗಿಡ ಕೀಳ್ತಾನೆ. ಆಮೇಕೆ ನಾನು ಬಿದ್ರೂ ಅಡುಗೆ ಮನೇಲೇ ಬೀಳ್ತೀನಿ, ನಿಮ್ಮಿಬ್ರಿಗೂ ಸಮಾದಾನ."

ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋಗಿ ಹುಡುಗಿಗೆ ಫೋನು ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

"ಕಂಜಿಯಾ ಆಂಟಿ?" ಎಂದಳು. "ನಾವು ಉಪ್ಪುನೀರಲ್ಲಿ ಮುಳುಗ್ಸಿ ನೋಡಿದ್ವಿ. ಮಿಷಿನ್‌ನಲ್ಲಿ ಬಗ್ಗ್ಸಿ ಬಗ್ಗ್ಸಿ ನೋಡಿದ್ವಿ. ಕಂಜಿ ಯಾರಿಗೆ ಹೊಳೀತೈತೆ?"

"ನಿಮ್ಮಜ್ಜಿನ ಕೇಳಿದ್ರೆ ಒಳೀತಿತ್ತು. ಸೇಲಂನಲ್ಲಿ ಮಾಡಿದ ಬೆಲ್ಟು, ಗಂಜಿ ಕಾಣದೆ ಎಲ್ಲಿಗೆ ಓಗ್ತೈತೆ? ಬಟ್ಟೇನ ಬೋರ್ಡಿನ ಸುತ್ತ ಮುಚ್ಚಿ ಒಲಿಯೋದೇ ತಪ್ಪು. ದಿಂಬಿನ ಕವರಿಗೆ ಇರೋ ಅಂಗೆ ಬಾಯಿ ಇಡ್ತೀನಿ. ಬೋರ್ಡು ಈಚೆ ತಗ್ದು ಬಟ್ಟೆನ ಏನ್ ಬೇಕಾದ್ರೂ ಮಾಡ್ಕೊಳ್ಳಲಿ."

"ಅದು ಚೆನ್ನಾಗಿದೆ ಆಂಟಿ. ಆದ್ರೆ ಬೋರ್ಡು ಬರ್ಬೇಕಲ್ಲ. ಯಾವಾಗ ಬರ್ತೈತೋ ನಂಗೂ ತೆರಿಯಾದು."

ತನಗೂ ಗೊತ್ತಿಲ್ಲ ಎಂದು ಕೈ ಚೆಲ್ಲಿದಳು. ಜಗಳ ಆಡಲು ಈ ಸಲ ನನ್ನ ಬಳಿ ಬಂಡವಾಳವಿರಲಿಲ್ಲ. ಬೈದದ್ದಕ್ಕೆ ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಗೊಣಗಿ ಫೋನು ಇಟ್ಟೆ.

ಮತ್ತೆ ಜಗುಲಿಗೆ ಬಂದು ಅಕ್ಕನ ಜೊತೆ ಚೌಕಾಸಿಗೆ ಕೂತೆ. ಬೋರ್ಡು ಬರುವವರೆಗೆ ಕೂಲಿಯವಳು? ಬೇಡ. ಬಾವನೇ ದೂರದಲ್ಲಿ ಬದುವಿನ ಮೇಲೆ ಕೂರಲಿ? ಬೇಡ. ಬಿಸಿಲು ಬಂದ ಮೇಲೆ ಹೋಗು, ದಾರಿಯಲ್ಲಿ ಜನ ಇರುತ್ತಾರೆ? ಅಷ್ಟು ಹೊತ್ತಿಗೆ ಹೂ ಬಾಡಿ ವ್ಯಾಪಾರಿ ಹೋಗಿರುತ್ತಾನೆ. ನಾನು ಒಂದು ಹೆಜ್ಜೆ ಇಳಿದರೂ ಅವಳು ಇಳಿಯಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಹೂವಿನ ತೊಟ್ಟನ್ನು ಉಗುರಿನಲ್ಲಿ ಚಿವುಟುತ್ತಾ ಕೂತಿದ್ದಳು. ಎಷ್ಟೋ ಅಂಗಡಿಯವರನ್ನು ಬಗ್ಗಿಸಿದವಳು ನಾನು, ಇವಳ ಮುಂದೆ ನನ್ನ ಒಂದು ವಿದ್ಯೆಯೂ ನಡೆಯಲಿಲ್ಲ.

"ಸರಿ, ಬಾವನಿಗೆ ಏಳಲ್ಲ. ಬೋರ್ಡು ಬರೋವರ್ಗೂ ನಾನೇ ಬರ್ತೀನಿ ನಿನ್ ಜೊತೆ" ಎಂದುಬಿಟ್ಟೆ. "ಅದೂ ಬೇಡ ಅಂದ್ರೆ, ಬಾವ ಬಾಗ್ಲಿಗೆ ಬರೋಕ್ ಮುಂಚೆ ಎಲ್ಲಾ ಏಳ್ಬಿಡ್ತೀನಿ."

ಅಕ್ಕ ಆಗ ತಲೆ ಎತ್ತಿದಳು. ಬಹಳ ಹೊತ್ತು ನನ್ನನ್ನು ಅಳೆದಳು.

"ಬಾಯ್ ಮುಚ್ಕೊಂಡ್ ಬರ್ಬೇಕು" ಎಂದಳು. "ಬುದ್ಧಿ ಏಳಂಗಿಲ್ಲ."

ಸಂಜೆ ಬಂದ ಬಾವ ನನ್ನ ಚೀಲ ನೋಡಿ, "ನಾದಿನಿ ಊವಿನ ಯಾಪಾರಕ್ಕೂ ಇಳದ್ಬಿಟ್ಲಾ? ಇನ್ನು ನಮ್ ಊರಿನ ಯಾಪಾರಿಗಳು ಊರು ಬಿಡ್ಬೇಕಾಯ್ತು" ಎಂದು ನಕ್ಕ. ನಾನೂ ನಕ್ಕೆ. ನಗುವಾಗ ಹಲ್ಲು ಕಡಿಯುತ್ತಿದ್ದೆ.

ಮಾರನೆಯ ನಸುಕಿನಿಂದ ಇದೇ ನಡೆದಿದೆ. ಶೆಡ್ಡನ್ನು ಹೊಲಿಗೆಯವರ ಕೈಗೆ ಬಿಟ್ಟು ಬಂದಿದ್ದೇನೆ. ಅವರು ಅಂಚು ಮಡಿಸುವುದನ್ನು ಮರೆತು ಮಾಲು ಕಳಿಸುತ್ತಾರೆ, ಅಂಗಡಿಯವರು ನನಗೆ ಫೋನು ಮಾಡಿ ಉಗಿಯುತ್ತಾರೆ. ಬೋರ್ಡಿನ ಲಾಟು ಬಂತಾ ಎಂದು ಹುಡುಗಿಗೆ ದಿನಾ ಫೋನು ಮಾಡುತ್ತೇನೆ. "ಇನ್ನೂ ವರಲೆ ಆಂಟಿ" ಎನ್ನುತ್ತಾಳೆ, ಬಂದಿಲ್ಲ. ಕನಕಾಂಬರದ ಗಿಡ ನೋಡಲು ಚಂದ, ಅದರ ನಡುವೆ ನಡೆದರೆ ಸೀರೆಯೆಲ್ಲ ಇಬ್ಬನಿ ಕುಡಿದು ಕಾಲಿಗೆ ಸುತ್ತಿಕೊಳ್ಳುತ್ತದೆ. ಅಕ್ಕ ಬೇಕೆಂದೇ ನನಗಿಂತ ಮುಂದಿನ ಸಾಲಿನಲ್ಲಿ ವೇಗವಾಗಿ ಹೋಗುತ್ತಾಳೆ. ಅವಳ ಹೊತ್ತನ್ನು ನಾನು ಕಸಿದುಕೊಂಡೆನೆಂಬ ಸಿಟ್ಟು ಅವಳ ಬೆನ್ನಿನಲ್ಲೇ ಕಾಣುತ್ತದೆ.

ಇವತ್ತು ಬಾವಿಯ ಕಡೆಯ ಸಾಲಿನಲ್ಲಿ ಕತ್ತಲು ಇನ್ನೂ ಬಿಟ್ಟಿರಲಿಲ್ಲ. ನಾನು ಒಂದು ಗಿಡ ಮುಗಿಸಿ ತಲೆ ಎತ್ತಿದರೆ ಅವಳು ಕಾಣಲಿಲ್ಲ.

"ಅಕ್ಕಾ!" ಎಂದೆ.

ಬುಟ್ಟಿ ಎಸೆದು ಗಿಡಗಳನ್ನು ತಳ್ಳಿಕೊಂಡು ಓಡಿದೆ. "ಅಕ್ಕಾ! ಏ ಅಕ್ಕಾ!"

ಸಾಲಿನ ಕೊನೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದವಳು ತಿರುಗಿಯೂ ನೋಡಲಿಲ್ಲ.

"ಬಿದ್ದಿಲ್ಲ ಕಣೆ" ಎಂದಳು. "ಕೆಳಗಿನ ಊವು ಕೀಳ್ತಾ ಇದೀನಿ. ನೀನು ಬಿಟ್ಬಂದಿರೋ ಗಿಡ ನೋಡ್ಕೋ ಓಗು, ಅರ್ಧಕ್ಕರ್ಧ ಅಂಗೇ ಐತೆ."